ಹಿಂಬಾಗಿಲು ಪಡುವಣಕ್ಕೆ

ಟ್ರಾಲರಿನ ಎಂಜಿನ್ನು ಗ್ಯಾರೇಜು ಸೇರಿ ಹನ್ನೊಂದು ದಿನ.
ಸುಮ್ಮನೆ ಕೂತು ಗೊತ್ತಿಲ್ಲದ ಬಾಬಾ
ಮೀನು ಸಾಗಿಸುವ ಮ್ಯಾಟಡೋರಿಗೆ ಮೂರು ಸಲ ಸೋಪು ಹಾಕಿದ,
ಒಡೆದ ದೋಣಿಯ ಹಲಗೆ ಬಡಿದು ಎರಡು ಮಂಚ ಮಾಡಿದ,
ಹಳೆ ಬಲೆಯಲ್ಲಿ ಜೋಲಿಯೊಂದು ನನಗೆ,
ಸೀಮೆಎಣ್ಣೆ ಸ್ಟೋವಿಗೆ ಐಸು ಪೆಟ್ಟಿಗೆಯ ಮೂಲೆ.
ಗಾಜಿನ ಮೇಲಿದ್ದ ‘ತಾಜಾ ಮೀನು’ ಕೆರೆದ.
ಮೀನು ಹೋಯಿತು, ತಾಜಾ ಉಳಿಯಿತು.

“ಎಲ್ಲಿಗೆ?” ಅಂದಳು ಆಯಿ.
“ಮೇಲಕ್ಕೆ.”
ನಮ್ಮ ಬೈತಖೋಲಿನಲ್ಲಿ ಮೇಲೆ ಅಂದರೆ ಘಟ್ಟ,
ಘಟ್ಟದಾಚೆ ಎಲ್ಲಾ ಒಂದೇ, ದಿಲ್ಲಿಯೂ ಹಳಿಯಾಳವೂ.

ಆಜಿ ಹೊರಟದ್ದು ಒಂದು ಶರತ್ತಿನ ಮೇಲೆ:
ಬಿಸ್ಲೇರಿ ಬಾಟಲಿಯಲ್ಲಿ ಒಂದು ಲೀಟರು ಸಮುದ್ರ.
ಮೊಣಕಾಲಿಗೆ, ಅಂದಳು. ಯಾರೂ ನಂಬಲಿಲ್ಲ.
ಎಪ್ಪತ್ತು ವರ್ಷ ಕಡಲ ಸದ್ದಿನಾಚೆ ಮಲಗಿದವಳಲ್ಲ;
ಹೆರಿಗೆಗೆ ಹೋದದ್ದೂ ಹಾರವಾಡಕ್ಕೆ, ಅಲ್ಲಿಯೂ ತೆರೆ.

ಕದ್ರಾ ದಾಟಿ, ಅಣಶಿ ಘಟ್ಟದ ಯಾವುದೋ ತಿರುವಿನಲ್ಲಿ
ರೇಡಿಯೇಟರು ಕುದಿಯಿತು.
ಬಾನೆಟ್ಟಿನಿಂದ ಹಬೆ, ಬಾಬಾನ ಬಾಯಿಂದ ಬಂದರಿನ ಬೈಗುಳ.
ಕ್ಯಾನಿನ ನೀರನ್ನು ತಮ್ಮ ಗೌರೀಶ
ಮಂಗಗಳಿಗೆ ಎರಚಿ ಎರಚಿ ಮುಗಿಸಿದ್ದ.
ಆಜಿ ಮಾತಾಡದೆ ತನ್ನ ಬಾಟಲಿ ಚಾಚಿದಳು.
“ಉಪ್ಪು ಎಂಜಿನ್ನನ್ನು ತಿನ್ನುತ್ತದೆ, ಆಯೆ.”
“ನಿನ್ನಪ್ಪನನ್ನೂ ತಿಂದಿದೆ,
ಹಾಗಂತ ಬಿಟ್ಟೆವೇ?”

ಎರಡು ಗಂಟೆ ಯಾವ ಗಾಡಿಯೂ ಇಲ್ಲ.
ಆಮೇಲೆ ಸೌದೆ ಹೊತ್ತ ಸೋಮಾ ವೇಳಿಪ.
ಹೊರೆ ಇಳಿಸಿದ, ಗಾಡಿಯನ್ನು ಮೂಸಿದ, ನಕ್ಕ,
ನಮ್ಮ ಕ್ಯಾನು ಹಿಡಿದು ಕೊರಕಲಿಗಿಳಿದು ಝರಿ ತುಂಬಿ ತಂದ.
ದುಡ್ಡು ಬೇಡ; ಒಣ ಬಂಗಡೆ ಆದೀತು.
ಕೊಟ್ಟದ್ದು ಹೆಚ್ಚಾಯಿತೆಂದು ಮನೆಗೆ ಓಡಿ
ಮಗುವಿನ ತಲೆಯಷ್ಟು ಕೋನದ ಗೆಡ್ಡೆ.
ಅವನದೂ ಕೊಂಕಣಿಯೇ, ನಮ್ಮದಕ್ಕಿಂತ ಹಳೆಯ ಅಕ್ಕಿಯದು.
ದರ್ಯಾ ಅನ್ನುವ ಶಬ್ದ ಅದರಲ್ಲಿಯೂ ಇತ್ತು,
ಅವನು ನೋಡಿರಲಿಲ್ಲ, ಅಷ್ಟೇ.
ಆಜಿ ಮುಚ್ಚಳ ತಿರುಗಿಸಿ ಅವನ ಅಂಗೈಗೆ ನಾಲ್ಕು ಹನಿ ಹಾಕಿದಳು.
ನೆಕ್ಕಿದ. ಉಗಿದ.
“ಇಷ್ಟು ಉಪ್ಪು ಯಾರು ಹಾಕಿದರು?”

ಜೋಯಿಡಾ, ದಾಂಡೇಲಿಯ ಕಾಗದದ ವಾಸನೆ,
ಒಮ್ಮೆಲೇ ಕಾಡು ಮುಗಿದು ಹಳಿಯಾಳದ ಬಯಲು.
ಕಬ್ಬಿನ ಕೂಳೆ, ಹೆಂಟೆ, ಯಾವುದಕ್ಕೂ ತಾಗದ ಆಕಾಶ.
ಇಷ್ಟು ಅಗಲ, ಅದೂ ಒಣಗಿದ್ದು, ನಾವು ಕಂಡಿರಲಿಲ್ಲ.
ಊರೂರಲ್ಲೂ ಬೆಕ್ಕುಗಳು ಮಾತ್ರ ನಮ್ಮನ್ನು ಗುರುತಿಸಿದವು;
ಮುಂಡಗೋಡಿನಲ್ಲಿ ಒಂಬತ್ತು, ಎಣಿಸಿದ್ದೇನೆ,
ಟಿಬೆಟಿನ ಮುದುಕರೊಬ್ಬರು ಜಪಮಣಿ ನಿಲ್ಲಿಸಿ ನೋಡುವಷ್ಟು.

ರಾತ್ರಿಯೇ ಕಷ್ಟ.
ಸ್ಟೋವು ಆರಿದ ಮೇಲೆ, ಇಲ್ಲದ ಸದ್ದು ಕಿವಿಯೊಳಗೆ ಜೋರಾಗಿ.
ಆಜಿ ಎದ್ದು ಕೂರುವಳು: “ಪಡುವಣ ಯಾವ ಕಡೆ?”
ಬಾಬಾ ತೋರಿಸುವನು. ಅರ್ಧ ಗಂಟೆಗೆ ಮತ್ತೆ, “ಯಾವ ಕಡೆ?”
ಮೂರನೇ ಸಲ ಅವನು ಉತ್ತರ ಕೊಡಲಿಲ್ಲ.
ಲುಂಗಿ ಮೇಲೆ ಕಟ್ಟಿ ಸೀಟಿಗೆ ಹತ್ತಿ,
ನಾವೆಲ್ಲ ಮಲಗಿದ್ದಂತೆಯೇ, ಪಾತ್ರೆ ಗಡಗಡಿಸಿ,
ಹೊಲದಂಚಿನಲ್ಲಿ ಮ್ಯಾಟಡೋರನ್ನು ಹಿಂದೆ ಮುಂದೆ ತಂದು,
ಧಕ್ಕೆಗೆ ದೋಣಿ ಹಚ್ಚುವ ಹಾಗೆ, ಇಂಚಿಂಚಾಗಿ ತಿರುಗಿಸಿದ,
ಹಿಂಬಾಗಿಲು ಪಡುವಣಕ್ಕೆ ಬರುವವರೆಗೆ.
ಬಾಗಿಲು ತೆರೆದಿಟ್ಟ.
ಎರಡು ತಾಲೂಕಿನಷ್ಟು ಕತ್ತಲು, ಅದರ ಕೊನೆಗೆ ನಮ್ಮ ನೀರು.
ಆಜಿ ಗೊರಕೆ ಹೊಡೆದಳು.
ಆಮೇಲಿನ ಐದು ರಾತ್ರಿಯೂ ಹಾಗೆಯೇ, ಅವಳು ಕೇಳುವ ಮೊದಲೇ.

ಶಿರಸಿಯಲ್ಲಿ ಪಂಕ್ಚರು, ದೇವಿಮನೆ ಘಟ್ಟ ಇಳಿಯುವಾಗ ಗೌರೀಶನ ವಾಂತಿ,
ಅಂಕೋಲೆಯ ಗಾಳಿಗೆ ಆಯಿ ತಲೆಗೂದಲು ಬಿಚ್ಚಿದಳು.
ಬೈತಖೋಲಿನಲ್ಲಿ ನಮ್ಮ ಬೆಕ್ಕುಗಳು ಓಡಿ ಬಂದವು,
ಗಾಲಿ ಮೂಸಿದವು, ಬಾಗಿಲು ಮೂಸಿದವು,
ಹೊಗೆ, ಬೆಲ್ಲ, ಕೆಂಪು ಧೂಳು.
ಬಾಲ ಎತ್ತಿ ಹೊರಟೇ ಹೋದವು.

“ಯಾರೋ ಘಟ್ಟದವರು ಅಂದುಕೊಂಡವು ನೋಡು!”
ಸಿಟ್ಟಿನಲ್ಲಿ ಆಜಿ ನೇರ ನೀರಿನಂಚಿಗೆ ನಡೆದಳು.
ಬಾಟಲಿಯನ್ನು ಬೆಳಕಿಗೆ ಹಿಡಿದು, ಅಲುಗಿಸಿ,
ನಾಲ್ಕು ಹನಿ ಕಡಿಮೆ ಎಂದು ಲೆಕ್ಕ ಹೇಳಿ
ಉಳಿದದ್ದನ್ನು ವಾಪಸು ಸುರಿದಳು.