ಕಲಿಕಾ ಫಲ

ಗೋಳಗುಮ್ಮಟದ ಮೇಲೆ ತಮ್ಮ ಹೆಸರು ತಾವೇ ಕೂಗಿ
ಗಂಟಲು ಹರಿದುಕೊಂಡು ಇಳಿದಿದ್ದರು.
ಇಬ್ರಾಹಿಂ ರೋಜಾದ ಆಚೆ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿ
ಸಜ್ಜೆರೊಟ್ಟಿ, ಶೇಂಗಾಹಿಂಡಿ ಕಸಿದು ತಿಂದರು.
ಹೆಡ್‌ಮಾಸ್ತರರ ಪಟ್ಟಿ ಅಲ್ಲಿಗೆ ಮುಗಿಯುತ್ತಿತ್ತು.
ಡ್ರೈವರ್ ದಸ್ತಗೀರಣ್ಣನಿಗೆ ನಾನೇ ಮೆಲ್ಲಗೆ ಹೇಳಿದೆ:
ಇನ್ನೊಂದ್ ಜಾಗಾ ಐತಿ. ಊರ ಹೊರಗ.
ಸಾಠ್ ಕಬರ್.
ಅವನು ಬೀಡಿ ಆರಿಸಿ ನನ್ನ ಮುಖ ನೋಡಿದ.
ಹುಡುಗೂರ್ನ ಕರಕೊಂಡೇನ್ರಿ?

ಕರಿಕಲ್ಲಿನ ಕಟ್ಟೆ. ಸುತ್ತ ಜಾಲಿ.
ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳ ಹಾಗೆ
ಒಂದರ ಹೆಗಲಿಗೆ ಒಂದು, ಸಾಲು ಸಾಲು.
ಮೇಲೆ ಚಪ್ಪಟೆಯಿದ್ದರೆ ಹೆಂಗಸಿನ ಗೋರಿ, ಅಂದೆ.
ಎಲ್ಲವೂ ಚಪ್ಪಟೆ.

ಎಷ್ಟದಾವ ಎಣಸ್ರಿ, ಎಂದದ್ದು ತಪ್ಪಾಯಿತೋ ಏನೋ.
ಅರವತ್ತು, ಅಂದಳು ಹೂಗಾರ ಶಿವಲೀಲಾ, ಎಣಿಸದೆಯೇ,
ಹೆಸರಲ್ಲೇ ಇದೆಯಲ್ಲ.
ಅರವತ್ತೊಂದು. ಅಲ್ಲ, ಅರವತ್ಮೂರು.
ಒಡದದ್ದು ಹಿಡೀಬೇಕೋ ಬ್ಯಾಡೋ?
ಬಾಯಿ ತೆರೆದ ಈ ಖಾಲಿ ಗುಂಡಿ?
ಲೆಕ್ಕ ಕೂಡಲಿಲ್ಲ. ಜಗಳ ಹತ್ತಿತು.

ಆಮೇಲೆ ಹೇಳಿದೆ,
ಜನ ಹೇಳುವುದನ್ನು ಜನ ಹೇಳುವುದೆಂದೇ:
ಒಬ್ಬ ಸರದಾರ. ದಂಡು ಹೊರಟಿತ್ತಂತೆ.
ತಿರುಗಿ ಬರುವುದಿಲ್ಲ ನೀನು, ಎಂದರಂತೆ ಜೋಯಿಸರು.
ನಾನು ಹೋದರೆ ಇವರು ಯಾರ ಪಾಲು,
ಎಂದುಕೊಂಡನಂತೆ.
ಒಬ್ಬೊಬ್ಬಳನ್ನೇ ಕರೆಸಿ, ಬಾವಿಯ ದಂಡೆಗೆ
ಅಂತೆ. ಅಂತೆ.
ಮೂರೂವರೆ ಶತಮಾನದಿಂದ ಈ ಹೆಂಗಸರು
ಒಂದು ಅಂತೆಯೊಳಗೆ ಮಲಗಿದ್ದಾರೆ,
ಹೆಸರೊಂದೂ ಹೊರಗಿಲ್ಲ.

ಹಿಂದಿನಿಂದ ಸಂಗನಬಸು ಏನೋ ಅಂದ.
'ಅವರ ಮಂದಿ' ಎನ್ನುವಷ್ಟು ಮಾತ್ರ ಕೇಳಿಸಿತು.
ನದಾಫ ಮೆಹಜಬೀನ ಓಢಣಿಯ ಅಂಚು ಹಲ್ಲಲ್ಲಿ ಕಚ್ಚಿ
ಒಂದು ಗೋರಿಯ ಮೇಲಿನ ಒಣಗಿದೆಲೆ ಆರಿಸುತ್ತಿದ್ದಳು.
ಆರಿಸುವುದನ್ನು ನಿಲ್ಲಿಸಲಿಲ್ಲ.
ನಾನು ಬಾಯಿ ತೆರೆದೆ.
ಹದಿನೇಳು ವರ್ಷ ಪಾಠ ಮಾಡಿದ ಬಾಯಿ.
ಏನೂ ಬರಲಿಲ್ಲ.
ಸಂಗನಬಸುವಿನ ತಂಗಿ, ಎಂಟನೇ ಇಯತ್ತೆಯವಳು,
ಸೀದಾ ಬಂದು ಅವನ ಕೈಯ ಫೋನು ಕಿತ್ತುಕೊಂಡು ಹೋದಳು.

ಆಗ ರಾಠೋಡ ಸೋನಾಬಾಯಿ,
ಕೃಷ್ಣೆಯ ಹಿನ್ನೀರಲ್ಲಿ ಎಮ್ಮೆಯ ಬಾಲ ಹಿಡಿಯದೆ
ಆಚೆ ದಂಡೆ ಮುಟ್ಟಿ ಬರುವವಳು,
ಬಾವಿಗೆ ಬಗ್ಗಿ ನೋಡಿ ಬಂದು ಕೇಳಿದಳು:
ಟೀಚರ್, ಇಷ್ಟ ಮಂದ್ಯಾಗ
ಒಬ್ಬಾಕಿಗೂ ಈಸಾಕ ಬರ್ತಿದ್ದಿಲ್ಲೇನ್ರಿ?

ಗಾಳಿ ಜಾಲಿಯಲ್ಲಿ ಸಿಕ್ಕಿಕೊಂಡಿತ್ತು.
ಉತ್ತರ ಕೊಟ್ಟವಳು ನಾನಲ್ಲ, ಶಿವಲೀಲಾ:
ಒಬ್ಬಾಕಿ ಈಸಿರಬೇಕ್ ಬಿಡ. ನೋಡಲ್ಲೆ,
ಆ ಖಾಲಿ ಐತೆಲಾ, ಅದು ಆಕೀದು.

ಎಲ್ಲರೂ ಗುಂಡಿಯ ಸುತ್ತ ಬಂದು ನಿಂತರು.
ಯಾರೋ ನಕ್ಕರು. ಯಾರೋ
ಗೆದ್ದಳು ಎನ್ನುವಂತೆ ಚಪ್ಪಾಳೆ ತಟ್ಟಿ ಸುಮ್ಮನಾದರು.
ಓಡಿದವಳನ್ನು ಹಿಡಿದು ತಂದರೆಂಬ
ಇನ್ನೊಂದು ಅಂತೆ ನನಗೆ ಗೊತ್ತಿತ್ತು.
ಹೇಳಲಿಲ್ಲ.

ಬಸ್ಸಿನಲ್ಲಿ ತಲೆ ಎಣಿಸಿದೆ. ನಲವತ್ತೇಳು.
ಮತ್ತೊಮ್ಮೆ ಎಣಿಸಿದೆ.
ಕೊಲ್ಹಾರದಲ್ಲಿ ಮೊಸರಿನ ಗಡಿಗೆ ಕೊಳ್ಳಲು ನಿಂತು
ಸೇತುವೆಗೆ ಬರುವಷ್ಟರಲ್ಲಿ ಮುಳುಗಿತ್ತು ಹೊತ್ತು.
ಮೆಹಜಬೀನ ಕಿಟಕಿಯ ಸರಳಿಗೆ ಗಲ್ಲ ಒತ್ತಿ
ಯಾರಿಗೂ ಅಲ್ಲದಂತೆ ಹೇಳಿದಳು:
ನಮ್ಮ ದಾದೀದು ಇಲ್ಲೇ ಕೆಳಗೈತಿ.
ಹಳೇ ಊರಾಗ. ನೀರ ಇಳದಾಗ ಕಾಣ್ತದಂತ.
ಸೋನಾಬಾಯಿ ಅವಳ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಸೋಮವಾರ ಪ್ರವಾಸದ ವರದಿ.
ನೋಡಿದ ಸ್ಥಳಗಳು: ಬರೆದೆ.
ತಗುಲಿದ ವೆಚ್ಚ: ಬರೆದೆ, ಮೊಸರಿನದು ಬಿಟ್ಟು.
ಕಲಿಕಾ ಫಲ:
ಹೆಣ್ಣುಮಕ್ಕಳಿಗೆ ಈಸು ಕಲಿಸತಕ್ಕದ್ದು.
ಹೆಡ್‌ಮಾಸ್ತರರು ಕೆಂಪು ಗೆರೆ ಎಳೆದು
'ಆದಿಲಶಾಹಿ ವಾಸ್ತುಶಿಲ್ಪದ ಪರಿಚಯ' ಎಂದು ತಿದ್ದಿ
ಸಹಿ ಹಾಕಿದರು.
ಅಲ್ಲಿ ಹೇಳದೆ ವಾಪಸು ತಂದದ್ದನ್ನು ತುಂಬಲು
ಆ ನಮೂನೆಯಲ್ಲಿ ಜಾಗ ಹುಡುಕಿದೆ,
ಹಾಳೆ ಮಗುಚಿ ಹಿಂದೆಯೂ.