ಗೀರು

ಊರಿನ ಹೆಸರು ಸಾಗರ, ಸಮುದ್ರ ಮಾತ್ರ ಘಟ್ಟದ ಕೆಳಗೆ.
ನಸುಕಿಗೆ ಹೊನ್ನಾವರದಿಂದ ಐಸು ಹೊದ್ದು ಬರುತ್ತದೆ ಬಂಗುಡೆ,
ಸೆರಾಫಿನ್ ಬಾಯಿಯ ಬಿಳಿ ಪ್ಲಾಸ್ಟಿಕ್ ಹಲಗೆಯ ಮೇಲೆ
ಬೀಳುತ್ತದೆ ಕತ್ತಿ.

ಮರದ ದಿಮ್ಮಿ ಕೊಳಕೆಂದು ನಗರಸಭೆಯವರು ಗದರಿ
ಕೊಳ್ಳಿಸಿದ ಹಲಗೆ.
ಮೊದಲ ವಾರ ಅದರ ಮೇಲೆ ನೀರೂ ನಿಲ್ಲುತ್ತಿರಲಿಲ್ಲವಂತೆ.
ಆರು ವರ್ಷವಾಯಿತು, ಈಗ ಬೆರಳಾಡಿಸಿದರೆ
ಉತ್ತ ಗದ್ದೆ.

ತಾಳಗುಪ್ಪದ ರೈಲಿನಲ್ಲಿ, ಶಿವಮೊಗ್ಗದ ಲ್ಯಾಬಿನಿಂದ
ಹತ್ತಿ ಸುತ್ತಿದ ಕಡ್ಡಿ ಹಿಡಿದು ಬಂದವಳು ನಾನು.
ಗೀರಿನ ಗುಂಟ ಕಡ್ಡಿ ಎಳೆದೆ.

ಅವು ತೇಲಿ ಬರುತ್ತವೆ, ಮುಟ್ಟುತ್ತವೆ, ಬಿಟ್ಟು ಹೋಗುತ್ತವೆ,
ಬಾಡಿಗೆ ಮನೆ ನೋಡಲು ಬಂದವರ ಹಾಗೆ:
ನೀರಿದೆಯೆ? ಗಾಳಿ ಜೋರೆ? ನೆರೆಯವರು ಹೇಗೆ?
ನುಣುಪಿನಲ್ಲಿ ಕಾಲು ನಿಲ್ಲದು.
ಗೀರಿನ ತಗ್ಗಿನಲ್ಲಿ ಒಂದು,
ಒಂದೇ ಒಂದು,
ಕಾಣದಷ್ಟು ಸಣ್ಣ ಎಳೆ ಚಾಚಿ
ನಿಂತುಬಿಡುತ್ತದೆ.
ಆಮೇಲೆ ತನ್ನ ಮೈಯಿಂದಲೇ ಒಸರಿದ ಅಂಟಿನಲ್ಲಿ
ಗೋಡೆ, ಸೂರು, ನಡುನಡುವೆ ನೀರು ಹರಿಯಲು ಕಾಲುವೆ.
ಅರ್ಧ ಗಂಟೆಗೆ ಎರಡು. ಮತ್ತೆ ನಾಲ್ಕು.
ಸಂಜೆಗೆ ಕೇರಿ.

ಸೋಪಿನ ನೀರು ಮೇಲಿಂದ ಮೇಲೆಯೇ ಹೋಗುತ್ತದೆ,
ಊರೊಳಗೆ ಬಾರದ ಬೈಪಾಸ್ ಬಸ್ಸು.

"ದಿನಾ ಬ್ಲೀಚಿಂಗ್ ಹಾಕಿ ತಿಕ್ತೀನಲ್ಲ ಮಗಾ"
ಎಂದಳು, ವರದಿಯ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ.
ತಿಕ್ಕಿದ್ದು ನಿಜ. ತೆಂಗಿನ ನಾರು, ತಂತಿಯ ಉಂಡೆ.
ಅವೂ ಗೀರಿದವು, ಉಜ್ಜಿದಷ್ಟೂ ಹೊಸ ಸೈಟು ಹಂಚಿದವು.
ಅದನ್ನು ನಾನು ಹೇಳಲಿಲ್ಲ.
ಹೊಸದು ತಗೊಳ್ಳಿ, ಅಂದೆ.

ಹೊಸದಕ್ಕೆ ಎರಡೂವರೆ ಸಾವಿರ.
ಅವಳು ಹೋದದ್ದು ಬಡಗಿ ಈರಪ್ಪಾಚಾರಿಯ ಬಳಿ.
ಹಲಸು ಹೊನ್ನೆ ಕಂಡ ಕೈಗೆ ಇದೇನು ಕರ್ಮ ಎಂದು ಗೊಣಗುತ್ತ
ಆತ ಕೀಸುಳಿ ಹಿಡಿದ.
ಸುರುಳಿ ಸುರುಳಿಯಾಗಿ ಬಿತ್ತು ಬಿಳಿ ಸಿಪ್ಪೆ,
ಆರು ವರ್ಷದ ಮೀನುವಾಸನೆಯ ಸಮೇತ.
ಬೆಕ್ಕೊಂದು ಬಂದು, ಮೂಸಿ, ಮೋಸಹೋಗಿ,
ಆಚಾರಿಯನ್ನೇ ದುರುಗುಟ್ಟಿ ನೋಡಿತು.

ಮುಂದಿನ ಗುರುವಾರ ನಾನು ಹೋದಾಗ
ಹಲಗೆ ಎರಡು ಬೆರಳು ತೆಳ್ಳಗೆ, ಹೊಸ ಸ್ಲೇಟಿನಷ್ಟು ನುಣ್ಣಗೆ.
ಕಡ್ಡಿ ಜಾರಿತು.
"ಈಗ?" ಎಂದು ನಕ್ಕಳು,
ನಗುತ್ತಲೇ ಬುಟ್ಟಿಯಿಂದ ಬಂಗುಡೆ ಎತ್ತಿಕೊಂಡಳು,
ನಾನು ಬಾಯಿ ತೆರೆಯುವ ಮೊದಲೇ

ಟಕ್.

ಐಸಿನ ನೀರು ಮೆಲ್ಲಗೆ ಹರಿದು
ಆ ಗೀರಿನೊಳಗೆ ಇಳಿಯಿತು.