ಕರಡು, ಹನ್ನೊಂದನೇ ಸಲ

ಮಸೂದೆಯ ಕರಡು ತಿದ್ದುವವಳು ನಾನು.
ಮತ ಹಾಕುವಂತಿಲ್ಲ, ಬಾಯಿ ತೆರೆಯುವಂತಿಲ್ಲ;
ಅಲ್ಪವಿರಾಮಗಳ ಮೇಲಷ್ಟೇ ನನ್ನ ಅಧಿಕಾರ.

ಮಾರ್ಚ್. ಕಾಡಂಚಿನಲ್ಲಿ ಮೇಪಲ್ ಪಾಕ ಕುದಿಯುವ ಹೊತ್ತು.
ರಾಜಧಾನಿಯ ಕೆಸರನ್ನು ಬೂಟಿಗೆ ಮೆತ್ತಿಕೊಂಡು
ಎಲ್ಲರೂ ಸಮಿತಿಯ ಕೋಣೆಗೆ ಬಂದರು.

ಸೆನೆಟರ್ ಥಿಯೋಡೋರಾ ಬ್ರಿಗ್ಸ್ 'ಕ್ಲಿಪ್' ಅಂದರು.
ಹಿಂದಿನ ಸಾಲಿನಿಂದ ನಗು.
'ಮ್ಯಾಗಜೀನ್ ಅನ್ನಿ, ಅಮ್ಮಾ,' ಅಂದ ಎಲ್‌ವುಡ್ ಥ್ರಶರ್,
ನಲವತ್ತು ವರ್ಷ ಬಂದೂಕು ರಿಪೇರಿ ಮಾಡಿದವ,
ಉಗುರ ಸಂದಿಯಲ್ಲಿ ಇನ್ನೂ ಎಣ್ಣೆ.
'ಬರೀ ಕ್ಲಿಪ್ ನಿಷೇಧಿಸಿದರೆ
ಜೈಲಿಗೆ ಹೋಗುವುದು
ಅಟ್ಟದಲ್ಲಿರುವ ನನ್ನಪ್ಪನ ಯುದ್ಧಕಾಲದ ರೈಫಲ್ ಒಂದೇ.'
ಆತ ಕೆಟ್ಟವನಲ್ಲ. ಹೇಳಿದ್ದು ತಪ್ಪೂ ಅಲ್ಲ.
ಅಳಿಸಿದೆ, ಬರೆದೆ.

ಆಮೇಲೆ ರಿಸೀವರ್.
ಕುದುರೆ, ಬೋಲ್ಟು ಮತ್ತು ಕಿಡಿ ಹೊತ್ತಿಸುವ ಯಂತ್ರ,
ಮೂರನ್ನೂ ಹೊಟ್ಟೆಯಲ್ಲಿಟ್ಟುಕೊಂಡ ತುಂಡೇ
ಬಂದೂಕು, ಎಂದಿತ್ತು ನನ್ನ ಏಳನೇ ಸಾಲು.
ಎಲ್‌ವುಡ್ ಪ್ಲಾಸ್ಟಿಕ್ಕಿನ ಮಾದರಿಯೊಂದನ್ನು ತೆಗೆದು
ಎರಡು ಪಿನ್ನು ಕಿತ್ತು, ಎರಡು ಹೋಳು ಮಾಡಿಟ್ಟ.
ಕೆಳಗಿನದರಲ್ಲಿ ಕುದುರೆಯಿದೆ, ಬೋಲ್ಟಿಲ್ಲ.
ಮೇಲಿನದರಲ್ಲಿ ಬೋಲ್ಟಿದೆ, ಕುದುರೆಯಿಲ್ಲ.
'ಇದು ಬಂದೂಕಲ್ಲ,' ಅಂದ. 'ಇದೂ ಅಲ್ಲ.'
ಚಾಪೆಯ ಕೆಳಗೆ ತೂರುವವರಿಗೆಂದು
ಹತ್ತು ಸಲ ರಂಗೋಲಿ ಎಳೆದಿದ್ದೆ;
ಚುಕ್ಕಿ ಎಣಿಸಿಕೊಂಡವರು ಆಗಲೇ ಅದರ ಕೆಳಗಿದ್ದರು.

ಊಟದ ನಂತರ ಆರ್ಮಂಡ್ ಪೆಲ್ಕಿ,
ಶಾಲೆಯ ಕಸ ಗುಡಿಸುವವ. ಕೈಯಲ್ಲಿ ಹಾಳೆಯಿಲ್ಲ.
'ಪೊಲೀಸರು ಹೋದ ಮೇಲೂ
ರೇಡಿಯೇಟರಿನ ಹಿಂದೆ ಮೂರು ಗುಂಡು ಸಿಕ್ಕವು.
ಹಿತ್ತಾಳೆಯವು. ಪೊರಕೆಗೆ ತಾಗಿ ಟಿಣ್ ಅಂದವು.'
ವಕೀಲರೊಬ್ಬರು ಮೆಲ್ಲಗೆ ತಿದ್ದಿದರು:
'ಗುಂಡಲ್ಲ, ಪೆಲ್ಕಿಯವರೇ. ತೋಟಾದ ಖಾಲಿ ಚಿಪ್ಪು.
ಗುಂಡು ಮುಂದಕ್ಕೆ ಹೋಗುವಂಥದ್ದು.'

ಪೆಲ್ಕಿ ಟೊಪ್ಪಿಗೆಯನ್ನು ಒಂದು ಸುತ್ತು ತಿರುಗಿಸಿದ.
'ಹೌದು,' ಅಂದ. 'ಎಲ್ಲಿಗೆ ಹೋದವೆಂದು ಗೊತ್ತು.
ಆ ಕಡೆಯ ನೆಲ ಒರೆಸಿದ್ದೂ ನಾನೇ.'

ಎಲ್‌ವುಡ್ ಪಿನ್ನು ಹುಡುಕುತ್ತಿದ್ದ.
ಒಂದು ನನ್ನ ಕುರ್ಚಿಯಡಿಗೆ ಉರುಳಿತ್ತು. ಎತ್ತಿಕೊಟ್ಟೆ.
ಅವನ ಕೈ ನಡುಗುತ್ತಿತ್ತು, ಅಥವಾ ನನ್ನದೇ.

ರಾತ್ರಿ ಒಂಬತ್ತು. 'ಮತ್ತು' ಹೊಡೆದುಹಾಕಿ
'ಅಥವಾ' ಬರೆದೆ. ಈಗ ಎರಡು ಹೋಳೂ ಬಂದೂಕೇ.
ಆದರೆ ಅಂಚಿನಲ್ಲಿ ಯಾರದೋ ಪೆನ್ಸಿಲು:
ಹೀಗಾದರೆ ಬಡಗಿಯ ಮೊಳೆ ಹೊಡೆಯುವ ಯಂತ್ರವೂ ಒಳಬರುತ್ತದೆ.
ನಿಜ.

ಕೊನೆಯ ಪುಟದಲ್ಲಿ ವ್ಯಾಖ್ಯೆಗಳು, ಅಕಾರಾದಿಯಾಗಿ.
ಕುದುರೆ. ಗುಂಡು. ತೋಟಾ. ನಳಿಗೆ.
ನಳಿಗೆಯಾದ ಮೇಲೆ 'ನೆಲ' ಬರಬೇಕು;
ಯಾರೂ ಕೇಳಿಲ್ಲ.
ಒಂದು ಸಾಲು ಖಾಲಿ ಬಿಟ್ಟಿದ್ದೇನೆ.